ಒಬ್ಬರನ್ನೇ ಬಿಡೋಕಾಗಲ್ಲ

ಪ್ರೀತಿಯ ತಂಗಿಗೆ,

ನಾವಿಬ್ಬರೂ ಬರಬೇಕೆಂದಿದ್ದ ಬೆಟ್ಟದೂರಿಗೆ ನಾನೊಬ್ಬಳೇ ಬಂದಿದ್ದೇನೆ. ಕಿಟಕಿ ತೆಗೆದರೆ ಕಣ್ಣು ಹಾಯುವಷ್ಟು ದೂರವೂ ಕಾಡು. ಮೂರು ದಿನದಿಂದ ಊಟ ಬಡಿಸುವವರ ಹತ್ತಿರ ಬಿಟ್ಟರೆ ಇನ್ಯಾರ ಹತ್ತಿರವೂ ಮಾತಿಲ್ಲ.

ಇವತ್ತು ಕಾಡು ನೋಡಲು ಹೊರಟಾಗ ಗಾರ್ಡ್ ತಡೆದ. "ಒಬ್ಬರನ್ನೇ ಬಿಡೋಕಾಗಲ್ಲ ಅಕ್ಕಾ, ಜೊತೆಗೆ ಯಾರೂ ಇಲ್ವಾ?" ಅಂದ.

"ತಂಗಿ ಮುಂದಿನ ಭಾನುವಾರ ಬರ್ತಾಳೆ" ಅಂತ ಬಾಯಿಂದ ಬಂದುಬಿಟ್ಟಿತು. ಅವನು ನಿನ್ನ ಹೆಸರನ್ನೂ ಬರೆದುಕೊಂಡ.

ಅಮ್ಮ ತೀರಿಕೊಂಡ ದಿನ ನೆಂಟರೆದುರು ನಿನಗೆ ಹಾಗೆ ಅನ್ನಬಾರದಿತ್ತು. ಆಸ್ಪತ್ರೆಗೆ ಯಾಕೆ ಬರಲಾಗಲಿಲ್ಲ ಅಂತ ಮೊದಲು ಕೇಳಬೇಕಿತ್ತು.

ಇಲ್ಲಿಗೆ ಬೆಳಗಿನ ಬಸ್ಸು ಒಂದೇ. ತುಂಬಾ ಚಳಿ. ಸ್ವೆಟರ್ ಮರೆತರೂ ಚಿಂತೆಯಿಲ್ಲ, ಮನೆಯಿಂದ ಹೊರಡುವಾಗಲೇ ಎರಡು ಇಟ್ಟುಕೊಂಡಿದ್ದೆ.

ಕಾಯುತ್ತಿರುವ,
ನಿನ್ನ ಅಕ್ಕ