ಯಾವ ಇನ್ಹೇಲರ್ ವಾಸಿ

ಇವಳೇ,

ಒಲೆ ಆರಿಸಿದ್ದೀನಿ, ಬಾಗಿಲು ಎಳೆದುಕೊಂಡು ಹೋಗ್ತೀನಿ. ಕೆಳಗೆ ಕ್ಷೌರದಂಗಡಿಯಲ್ಲಿರ್ತೀನಿ. ಕೂಗಾಡಬೇಡ.

ಹಳೇ ಇನ್ಹೇಲರ್ ವಾಸಿಯೋ, ಬೆಳಿಗ್ಗೆ ಒಂದೇ ಸಲ ಎಳೆಯೋ ಹೊಸದು ವಾಸಿಯೋ ಅಂತ ನೀನೂ ಡಾಕ್ಟರೂ ತಲೆ ತಿಂತೀರ. ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಕುರ್ಚಿಗೆ ಅಂಟಿಸಿ ಕೂರಿಸಿದರೆ ನನಗೇನು ಗೊತ್ತಾಗುತ್ತೆ? ಕೂತವನಿಗೆ ಎರಡೂ ಒಂದೇ.

ಹೋದ ತಿಂಗಳು ಹಳೇದು ಎಳೆದುಕೊಂಡು ಇಳಿಯೋಕೆ ಹೋಗಿ, ಮೊದಲ ತಿರುವಲ್ಲೇ ದಮ್ಮು ಕಟ್ಟಿ ವಾಪಸ್ ಬಂದಿದ್ದೆ. ನಿನಗೆ ಹೇಳಿರಲಿಲ್ಲ. ಇವತ್ತು ಹೊಸದರ ಸರದಿ. ಹಳೇದೂ ಜೇಬಲ್ಲಿದೆ.

ನೀನು ಹತ್ತಿ ಬರುವಾಗ ನಾನು ಮೆಟ್ಟಿಲ ಮೇಲೆ ಸಿಗಲಿಲ್ಲ ಅಂದರೆ ಹೊಸದೇ ವಾಸಿ, ಡಾಕ್ಟರಿಗೆ ಹೇಳಿಬಿಡು.

ವಾಪಸ್ ಹತ್ತೋಕೆ ನನ್ನ ಕೈಲಾಗಲ್ಲ, ಗೊತ್ತು. ತಿರುವಿಗೊಂದು ಸಲ ಕೂತು ಹತ್ತೋಕೆ ಮಡಚೋ ಕುರ್ಚಿ ತಗೊಂಡು ಬಾ, ಆದರೆ ನಿಧಾನಕ್ಕೆ ಬಾ. ಸಿಕ್ಕಿಹಾಕಿಕೊಳ್ಳೋದೇ ನನ್ನ ಹಣೆಬರಹ ಆದರೆ, ಒಂದು ಸಂಜೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿರ್ತೀನಿ.