ಸಿಮೆಂಟಿನ ಮೇಲೆ ಸೋಗೆ

ಜನವರಿ 9, ಗುರುವಾರ

ಬೆಳಿಗ್ಗೆ ಅಳತೆ. ಟೇಪಿನ ಆ ತುದಿಗೆ ಕಂಟ್ರಾಕ್ಟರ್ ವಾಸಪ್ಪ. ಕೊಪ್ಪದ ಹಳೇ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬು. ಬೀಗ ಬಿದ್ದು ಹತ್ತು ಹನ್ನೆರಡು ವರ್ಷವಾಗಿರಬೇಕು. ಬಾಗಿಲು ನೂಕಿದರೆ ಚೌಕಟ್ಟೇ ಒಳಗೆ ಬಿತ್ತು. ಗೆದ್ದಲು. ಇಸ್ಪೀಟಿನ ಕೋಣೆಯಲ್ಲಿ ಬಾವಲಿಗಳು. ಗೋಡೆಯ ಮೊಳೆಗಳಲ್ಲಿ ಸಾಲಾಗಿ ಬ್ಯಾಟುಗಳು, ಒಂದಕ್ಕೂ ಗಟ್ ದಾರ ಇಲ್ಲ.

ಕೋರ್ಟ್ ಮಾತ್ರ ಹಾಗೇ ಇದೆ. ಸುತ್ತ ಸೊಂಟದೆತ್ತರ ಲಂಟಾನ. ನಡುವೆ ಕೆಂಪು ನೆಲ, ಯಾರೋ ಈಗಷ್ಟೇ ಗುಡಿಸಿ ಹೋದ ಹಾಗೆ.

"ಇದನ್ನ ಯಾರು ನೋಡ್ಕೊಳ್ಳೋದು?"

"ಇನ್ಯಾರು ಸಾರ್, ರಮಣಣ್ಣ. ಕ್ಲಬ್ ಸತ್ರೂ ಪ್ರೆಸಿಡೆಂಟ್ ಬದುಕಿದಾರಲ್ಲ."

ವೆಂಕಟರಮಣ. ಎಪ್ಪತ್ತು ದಾಟಿದವರು. ಮಳೆ ಹಿಡಿಯುವ ಮೊದಲು ಕೋರ್ಟಿಗೆ ಅಡಿಕೆ ಸೋಗೆ ಹೊದೆಸುತ್ತಾರಂತೆ. ದೀಪಾವಳಿ ಕಳೆದ ಮೇಲೆ ತೆಗೆದು ಸಗಣಿ ಸಾರಿಸುತ್ತಾರಂತೆ. ನಾವೆಲ್ಲ ಮನೆಯಂಗಳಕ್ಕೆ ಮಾಡುವುದೇ, ಮಳೆಗೆ ಮಣ್ಣು ಕೊಚ್ಚಿಹೋಗದಿರಲಿ ಎಂದು. ಆದರೆ ಇಲ್ಲಿ ಆಡುವವರೇ ಇಲ್ಲ. ಆದರೂ ಪ್ರತಿ ವರ್ಷ.

ನಕ್ಷೆಯಲ್ಲಿ ಆ ಜಾಗಕ್ಕೆ 'ಓಪನ್ ಜಿಮ್' ಎಂದು ಬರೆದಿದ್ದೇನೆ.

ಜನವರಿ 19, ಭಾನುವಾರ

ಹೊಸ ಕಟ್ಟಡದ ಕಮಿಟಿ ಮೀಟಿಂಗ್. ಜಾಗ ಕ್ಲಬ್ಬಿನದು, ರಮಣಣ್ಣ ಒಪ್ಪದೆ ಏನೂ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ ತೋರಿಸಿದೆ. ವಾಕಿಂಗ್ ಟ್ರ್ಯಾಕ್, ರೀಡಿಂಗ್ ರೂಮ್, ಯೋಗಕ್ಕೆ ಹಾಲ್, ಮಕ್ಕಳಿಗೆ ಜಾರುಬಂಡೆ.

"ಇದಕ್ಕೆ ಎಂತ ಹೆಸರು ಅಂದೆ?"

"ಕಮ್ಯುನಿಟಿ ರಿಕ್ರಿಯೇಷನ್ ಹಬ್."

"ಹಬ್ಬ ಸರಿ ಮಾರಾಯ. ದೇವರು ಎಲ್ಲಿ? ಕೋರ್ಟ್ ಎಲ್ಲಿ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ.

"ಬರ್ಕೋ ಮೂರ್ತಿ. ಒಂದು ಕೋರ್ಟ್ ಇರ್ಬೇಕು. ಮಳೆ ಬಿಟ್ಟ ಮೇಲೆ ಮೊದಲನೇ ಸರ್ವೀಸ್ ನಂದು. ಅಷ್ಟೇ. ಉಳಿದದ್ದು ನೀವು ಎಂತ ಬೇಕಾದ್ರೂ ಕಟ್ಕೊಳ್ಳಿ."

ಕಮಿಟಿ ಕೂಡಲೇ ಒಪ್ಪಿತು. ಚಹಾ ಬಂತು.

ಮನೆಯಲ್ಲಿ ಶ್ರೀರಂಜನಿ: "ಎಂತ, ಮುಖ ಹೀಗೆ?"

"ನಕ್ಷೆ ಬದಲಾಯಿಸಬೇಕು. ಒಂದು ಕೋರ್ಟ್ ಸೇರಿಸಬೇಕು."

"ಸೇರಿಸಿ. ನಿಮ್ಮ ಆಸ್ತಿ ಕೇಳಿದ ಹಾಗೆ ಮಾಡ್ತೀರಲ್ಲ."

ಇಪ್ಪತ್ತೆಂಟು ವರ್ಷ ಜೊತೆಗಿದ್ದಾಳೆ. ನನ್ನ ಮುಖಕ್ಕೆ ಅವಳು ಕೊಡುವ ಅರ್ಥಗಳು ನನಗಿಂತ ಸ್ಪಷ್ಟ.

ಫೆಬ್ರವರಿ 22, ಶನಿವಾರ

ಮಣ್ಣಿನ ಕೋರ್ಟ್ ಬೇಡ ಎಂದ ವಾಸಪ್ಪ. "ರಮಣಣ್ಣ ಇರೋವರೆಗೆ ಸಾರಿಸ್ತಾರೆ. ಆಮೇಲೆ? ನೀವು ಬರ್ತೀರಾ ಸಗಣಿ ಹಿಡ್ಕೊಂಡು?" ಸಿಮೆಂಟ್ ಎಂದು ಬರೆದೆ.

ರಮಣಣ್ಣನಿಗೆ ನಾನೇ ಹೇಳಬೇಕಾಯಿತು. "ಮಂಡಿಗೆ ಒಳ್ಳೇದಲ್ಲ," ಎಂದರು. "ಇರ್ಲಿ. ಕೋರ್ಟ್ ಅಂತೂ ಇರ್ತದೆ."

ಜೆಸಿಬಿ ಕೆಮ್ಮಣ್ಣು ಎತ್ತಿತು. ಒಳ್ಳೆಯ ಮಣ್ಣು, ವರ್ಷಗಟ್ಟಲೆ ರೋಲರ್ ತಿಂದದ್ದು. ಲಾರಿಯಲ್ಲಿ ಶೃಂಗೇರಿಗೆ ಹೋಯಿತು. ಅಲ್ಲಿ ನನ್ನದೇ ಇನ್ನೊಂದು ಕೆಲಸ, ಯಾತ್ರಿಕರ ಲಾಡ್ಜ್. ಪಾಯ ತುಂಬಲು ಮಣ್ಣು ಬೇಕಿತ್ತು.

ಮೇ 11, ಭಾನುವಾರ

ಉದ್ಘಾಟನೆ. ಟೇಪು, ಕತ್ತರಿ, ಭಾಷಣ. ಹೈಸ್ಕೂಲಿನ ಹುಡುಗಿಯರು ಕೋರ್ಟಿನಲ್ಲಿ ಆಡಿ ತೋರಿಸಿದರು. ಮೊದಲ ಸರ್ವೀಸ್ ಮಾಡಿ ಎಂದು ಎಲ್ಲರೂ ರಮಣಣ್ಣನನ್ನು ಎಳೆದರು. ಬರಲಿಲ್ಲ.

"ಮಳೆ ಬಿಟ್ಟ ಮೇಲೆ ಅಂದಿದ್ದೆ. ಮಾತು ಅಂದ್ರೆ ಮಾತು."

ಅವರ ಸೊಸೆ ಅನಿತಾ ಪಕ್ಕದಲ್ಲಿ ನಿಂತಿದ್ದಳು. "ಅಟ್ಟದ ಮೇಲಿದ್ದ ಕ್ಯಾನ್ವಾಸ್ ಶೂ ತೆಗೆದು ಹೊಲಿಗೆ ಹಾಕಿಸಿದಾರೆ ಮೂರ್ತಿಯಣ್ಣ. ದಿನಾ ಬೆಳಿಗ್ಗೆ ಅಂಗಳದಲ್ಲಿ ಕೈ ಬೀಸ್ತಾರೆ. ಕೋಳಿ ಎಲ್ಲ ಓಡಿಹೋಗ್ತವೆ."

ನಗುತ್ತ ಹೇಳಿದಳು. ಗಂಡ ತೀರಿಕೊಂಡ ಮೇಲೆ ಅವಳು ನಗುವುದನ್ನು ನಾನು ನೋಡಿರಲಿಲ್ಲ. ಮನೆಯಲ್ಲಿ ಈಗ ಮಾವ, ಸೊಸೆ, ಇಬ್ಬರೇ. ಏನಾದರೂ ಹೇಳಬೇಕಿತ್ತು. ಲಾಡು ಬಂತು, ತೆಗೆದುಕೊಂಡೆ.

ಮೇ 21, ಬುಧವಾರ

ಮೋಡ. ಈ ಸಲ ಮಳೆ ಬೇಗ ಎನ್ನುತ್ತಿದ್ದಾರೆ. ಹಬ್ಬಿನ ಗೇಟಿಗೆ ಪಿಕಪ್ ಬಂದಿದೆ ಎಂದು ವಾಸಪ್ಪನ ಫೋನ್. ಹೋದೆ. ಪಿಕಪ್ ತುಂಬ ಸೋಗೆ. ಮುತ್ತಿನಕೊಪ್ಪದಿಂದ, ರಮಣಣ್ಣನ ಭಾವಮೈದುನನ ತೋಟದ್ದು. ಅವರ ಸ್ವಂತ ಮರಗಳಿಗೆ ಹಳದಿ ರೋಗ. ಇಳಿಸಲು ಅಲ್ಲೀಗ ಸೋಗೆಯೂ ಇಲ್ಲ.

"ರಮಣಣ್ಣ, ಇದು ಸಿಮೆಂಟು. ಮಳೆಗೆ ಕೊಚ್ಚಿ ಹೋಗಲ್ಲ."

"ಸಿಮೆಂಟ್ ಆದ್ರೆ ನೆಲ ಅಲ್ವನಾ? ಹೊಸ ನೆಲ. ಮೊದಲನೇ ಮಳೆ ಬರಿಮೈ ಮೇಲೆ ಬೀಳ್ಬಾರ್ದು ಮಾರಾಯ."

ವಾಸಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ನೀವು ಹೇಳಿ ಸಾರ್. ನಿಮ್ಮ ಮಾತಾದ್ರೆ ಕೇಳ್ತಾರೆ."

ಕೇಳುತ್ತಿದ್ದರು. ಅದು ಗೊತ್ತಿತ್ತು. ಸೋಗೆಯಡಿ ಸಿಮೆಂಟ್ ಆರುವುದಿಲ್ಲ, ಮಣ್ಣಿನ ಹಾಗೆ ನೀರು ಕುಡಿಯುವುದೂ ಇಲ್ಲ, ಹಾವಸೆ ಕಟ್ಟಿ ಜಾರುತ್ತದೆ. ಅದೂ ಗೊತ್ತಿತ್ತು. ಅವರು ಆಗಲೇ ಮೊದಲ ಸಾಲು ಹಾಕುತ್ತಿದ್ದರು. ತುದಿ ಆಚೆ, ಬುಡ ಈಚೆ, ಒಂದರ ಮೇಲೊಂದು ಅರ್ಧರ್ಧ.

"ಹೊದೆಸಲಿ ಬಿಡು," ಎಂದೆ. ತೆಗೆಯುವಾಗ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದರಾಯಿತು. ದೀಪಾವಳಿಗೆ ಇನ್ನೂ ಎಷ್ಟು ತಿಂಗಳಿದೆ.

"ಎಂತ ನೋಡ್ತೀಯ, ಹಿಡಿ ಆ ಕಡೆ," ಎಂದರು ನನಗೆ. ಹಿಡಿದೆ. ಮಧ್ಯಾಹ್ನದವರೆಗೂ ಬಗ್ಗಿ ಎದ್ದೆ. ಸೊಂಟ ನೋವು. ಕೈಯಲ್ಲಿ ಸೋಗೆಯ ವಾಸನೆ, ಸೋಪಿಗೆ ಹೋಗಲಿಲ್ಲ.

ಊಟ ರುಚಿಯಾಗಿತ್ತು. ಯಾಕೆಂದು ಹುಡುಕಲಿಲ್ಲ.

ಜುಲೈ 14, ಸೋಮವಾರ

ಮಳೆ. ಶೃಂಗೇರಿಯ ಕೆಲಸ ನಿಂತಿದೆ. ತುಂಗೆ ಮೆಟ್ಟಿಲು ನುಂಗಿದ್ದಾಳೆ.

ಸಂಜೆ ಹಬ್ಬಿನೊಳಗೆ ಯಾರೂ ಇಲ್ಲ. ಜಾರುಬಂಡೆಯಲ್ಲಿ ನೀರು ಜಾರುತ್ತಿತ್ತು. ಕೊಡೆಯ ತುದಿಯಿಂದ ಒಂದು ಸೋಗೆ ಎತ್ತಿ ನೋಡಿದೆ. ಹಸಿರು. ಕಡು ಹಸಿರು, ಚಂದವೇ ಇತ್ತು.

ಹಾಗೇ ಇಳಿಸಿದೆ. ಇನ್ನೂ ಸಮಯವಿದೆ.

ಸೆಪ್ಟೆಂಬರ್ 3, ಬುಧವಾರ, ಬೆಳಿಗ್ಗೆ

ಮಳೆ ಹೊಳವಾಗಿದೆ. ಮೂರು ದಿನದಿಂದ ಬಿಸಿಲು. ಶೃಂಗೇರಿಯಲ್ಲಿ ಸ್ಲ್ಯಾಬ್ ಹಾಕಲು ಇದೇ ಸರಿಯಾದ ಹೊತ್ತು. ಹೊರಟೆ.

ಅದೇ ದಿನ, ಸಂಜೆ

ಸ್ಲ್ಯಾಬಿನ ಮೇಲಿದ್ದೆ. ಫೋನ್ ಬಂತು, ಮಿಕ್ಸರ್ ಸದ್ದಿನಲ್ಲಿ ಅನಿತಾಳ ಮಾತು ಅರ್ಧವೂ ಕೇಳಲಿಲ್ಲ. "ಮಾವ... ಕೋರ್ಟಲ್ಲಿ..." ಅಷ್ಟು ಸಾಕಾಯಿತು. ಕೊಪ್ಪಕ್ಕೆ ಹೊರಟೆ.

ಮಳೆ ಮುಗಿಯಿತು ಎಂದುಕೊಂಡಿದ್ದಾರೆ. ಯಾರಿಗೂ ಹೇಳಿಲ್ಲ. ಶೂ ಹಾಕಿಕೊಂಡು, ಬ್ಯಾಟು ಹಿಡಿದು ಬಂದಿದ್ದಾರೆ. ಒಬ್ಬರೇ ಅರ್ಧ ಕೋರ್ಟಿನ ಸೋಗೆ ಎಳೆದು ಹಾಕಿದ್ದಾರೆ. ಸರ್ವೀಸ್ ಲೈನಿನ ಹತ್ತಿರ ನಿಂತು ಚೆಂಡು ಎತ್ತಿದ್ದನ್ನು ಗೇಟಿನಿಂದ ವಾಸಪ್ಪ ನೋಡಿದ್ದಾನೆ. ಕೂಗುವಷ್ಟರಲ್ಲಿ ಬಿದ್ದಿದ್ದರಂತೆ.

ಸೊಂಟದ ಮೂಳೆ. ನಾನು ಬರುವಷ್ಟರಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದಿದ್ದರು.

"ಎಣ್ಣೆ ಸುರಿದ ಹಾಗಿತ್ತು ಸಾರ್," ಎಂದ ವಾಸಪ್ಪ. ನನ್ನ ಮುಖ ನೋಡಿದ. ಮತ್ತೆ ಫೋನ್ ತೆಗೆದು ಏನೋ ನೋಡತೊಡಗಿದ. ಒಳ್ಳೆಯ ಮನುಷ್ಯ.

ಚೆಂಡು ಅಲ್ಲೇ ಇತ್ತು. ಹಳದಿ ಉಣ್ಣೆಯದು, ನೀರು ಕುಡಿದು ಭಾರವಾಗಿತ್ತು. ಜೇಬಿಗೆ ಹಾಕಿಕೊಂಡೆ. ಮನೆ ಸೇರುವಷ್ಟರಲ್ಲಿ ಪ್ಯಾಂಟೆಲ್ಲ ಒದ್ದೆ. ಶ್ರೀರಂಜನಿ ನೋಡಿದಳು, ಟವೆಲ್ ತಂದುಕೊಟ್ಟಳು.

ಸೆಪ್ಟೆಂಬರ್ 9, ಮಂಗಳವಾರ

ಆಪರೇಷನ್ ಆಯಿತು. ರಾಡ್ ಹಾಕಿದ್ದಾರೆ.

ಕಮಿಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಒಂದೇ ಮಾತು. ನಾಳೆ ಮಗು ಬಿದ್ದರೆ ಯಾರು ಜವಾಬ್ದಾರಿ? ಕೋರ್ಟ್ ತೆಗೆಯೋಣ, ಜಿಮ್ ಮೆಷೀನ್ ಹಾಕಿಸೋಣ, ರಮಣಣ್ಣನಿಗೆ ಆಮೇಲೆ ಹೇಳೋಣ. ಹೆಬ್ಬೆರಳು, ಹೆಬ್ಬೆರಳು, ಕೈಮುಗಿದ ಚಿತ್ರ. ಕೋರ್ಟಿನ ತಪ್ಪಲ್ಲ, ಹೊದಿಕೆಯದು ಎಂದು ಬರೆಯಬಹುದಿತ್ತು. ಬರೆದರೆ ಮುಂದಿನ ಪ್ರಶ್ನೆ — ಹೊದೆಸಲು ಬಿಟ್ಟವರು ಯಾರು? ಟೈಪ್ ಮಾಡಿದೆ. ಅಳಿಸಿದೆ.

ಹೊಸ ನಕ್ಷೆ ಕೇಳಿದರು. ಹೊಸದು ಬೇಕಾಗಲಿಲ್ಲ. ಜನವರಿಯ ಮೊದಲ ಫೈಲ್ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಕಳಿಸಿದೆ.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿ ಕಳೆಯಿತು. ಅವರು ಬಿದ್ದ ಮೇಲೆ ರಮಣಣ್ಣನ ಮನೆಗೆ ಮೊದಲ ಸಲ ಹೋದೆ. ಮೊದಲೇ ಹೋಗಬೇಕಿತ್ತು.

ಅನಿತಾ ಮೆಟ್ಟಿಲ ಮೇಲೇ ತಡೆದಳು. "ಕೋರ್ಟ್ ತೆಗಿತಾರೆ ಅಂತ ಮಾವನಿಗೆ ಹೇಳ್ಬೇಡಿ ಮೂರ್ತಿಯಣ್ಣ. ವಾಕರ್ ಹಿಡಿದು ಎದ್ದು ನಿಲ್ಲೋದು ಅದೊಂದಕ್ಕೇ. ಡಾಕ್ಟ್ರು ಹೇಳಿದಾರೆ, ಮಲಗಿಬಿಟ್ರೆ ಮುಗೀತು ಅಂತ. ಅವರೂ ಹೋದ್ರೆ ಈ ಮನೇಲಿ ನಾನೊಬ್ಬಳು ಎಂತ ಮಾಡ್ಲಿ?"

ಒಳಗೆ ಹೋದೆ. ಅರ್ಧ ಆಗಿದ್ದಾರೆ. ಧ್ವನಿ ಮಾತ್ರ ಹಿಂದಿನದೇ.

"ಸೋಗೆ ತೆಗ್ದ್ರಾ?"

"ಇಲ್ಲ. ಇನ್ನೂ ಮಳೆ ಇದೆ."

"ಹಾಗಾದ್ರೆ ತೆಗೀಬೇಡಿ. ಅವಸರ ಮಾಡಿ ನಾನು ಕೆಟ್ಟೆ." ವಾಕರ್ ಎಳೆದುಕೊಂಡರು. ಎದ್ದರು. ಕಿಟಕಿಯವರೆಗೆ ಹೋಗಿ ಬಂದರು, ಮುಖವೆಲ್ಲ ಬೆವರು. "ನೋಡಿದ್ಯಾ? ಸರ್ವೀಸಿಗೆ ಇಷ್ಟು ನಡಿಗೆ ಸಾಕು."

ಬಾಗಿಲ ಸಂದಿಯಲ್ಲಿ ಅನಿತಾ ನಿಂತಿದ್ದಳು. ನಾನು ನೆಲ ನೋಡಿದೆ.

ನವೆಂಬರ್ 30, ಭಾನುವಾರ

ನಿನ್ನೆ ಮೆಷೀನ್ ಕೂರಿಸಿದರು. ಹಳದಿ, ನೀಲಿ. ಕೋರ್ಟಿನ ಬಿಳಿ ಗೆರೆಗಳ ಮೇಲೇ ಡ್ರಿಲ್ ಮಾಡಿ ಬೋಲ್ಟು. ಸಂಜೆಗೇ ಜನ. ಖುಷಿಯಾಗಿಯೇ ಇದ್ದರು. ಅದನ್ನೂ ಬರೆಯಬೇಕು.

ಇವತ್ತು ರಮಣಣ್ಣನ ಮನೆಗೆ. ಕೂರುವ ಮೊದಲೇ —

"ಮಳೆ ಹೇಗಿದೆ?"

"ಇದೆ. ಆಗಾಗ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಪಕ್ಕದ ಮನೆಯವ್ರು ಅಡಿಕೆ ಬೇಯ್ಸಿ ಹರವಿದಾರೆ. ವಾಸನೆ ಬರಲ್ವಾ ನಂಗೆ? ಬಿಸಿಲಿಲ್ದೆ ಯಾರು ಅಡಿಕೆ ಹರವ್ತಾರೆ ಮಾರಾಯ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನಂಗೊತ್ತು, ನೀವು ಯಾಕೆ ಹೇಳ್ತಿಲ್ಲ ಅಂತ," ಎಂದರು. "ಈ ವರ್ಷ ನಂಗಾಗಲ್ಲ. ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಮಳೆ ಇದೆ ಅಂತೀರಿ. ಅಲ್ವಾ? ನಂಗೇನು ಬೇಜಾರಿಲ್ಲ. ಹುಡುಗೀರು ಆಡ್ಕೊಳ್ಲಿ. ನಾನು ಬರೋ ವರ್ಷ ಮಾಡ್ತೀನಿ."

ತಲೆಯಾಡಿಸಿದೆ.

"ಮಲಗಿ ಮಲಗಿ ಯೋಚನೆ ಮಾಡ್ದೆ. ಯಾಕೆ ಜಾರ್ತು? ತಪ್ಪು ನಂದೇ. ಸೋಗೆ ತೆಳ್ಳಗಾಯ್ತು. ಸಂದಿಯಲ್ಲಿ ನೀರು ಇಳಿದು ಹಾವಸೆ ಕಟ್ತು. ನೀನು ಇಂಜಿನಿಯರು, ಹೇಳು, ಹೌದಾ ಅಲ್ವಾ?"

ಅನಿತಾ ಬಾಗಿಲಿಗೆ ಬಂದಳು. ಕೈಯಲ್ಲಿ ಒರೆಸದ ತಟ್ಟೆ. ನನ್ನನ್ನೇ ನೋಡುತ್ತಿದ್ದಳು.

"ಹೌದು," ಎಂದೆ.

"ಅದಕ್ಕೇ. ಬರೋ ವರ್ಷ ಎರಡು ಪಿಕಪ್. ಮುತ್ತಿನಕೊಪ್ಪಕ್ಕೆ ಫೋನ್ ಮಾಡಿ ಹೇಳಾಯ್ತು. ಮೇ ತಿಂಗಳಲ್ಲಿ ಡ್ರೈವರ್ ಸೀದಾ ನಿನ್ನ ಆಫೀಸಿನ ಮುಂದೆ ಬಂದು ನಿಲ್ತಾನೆ. ಹೊದೆಸೋದು ನೀನು. ನಿಂಗೆ ಕೈ ಬಂದಿದೆ, ಅವತ್ತು ನೋಡಿದೀನಿ. ಆಗ್ತದಲ್ಲ?"

"ಆಗ್ತದೆ."

"ಗಟ್ಟಿ ಹೇಳು."

"ಆಗ್ತದೆ ರಮಣಣ್ಣ."

ವಾಕರ್ ಕೇಳಿದರು. ಎದ್ದರು. ಈ ಸಲ ಕಿಟಕಿ ದಾಟಿ ಜಗಲಿಯವರೆಗೆ ನಡೆದರು. ಅನಿತಾ ತಟ್ಟೆ ಹಿಡಿದೇ ಹಿಂದೆ ಹಿಂದೆ ಹೋದಳು.

ಬರುವಾಗ ಹಬ್ಬಿನ ಮುಂದೆ ಬೈಕ್ ನಿಲ್ಲಿಸಿದೆ. ಒಬ್ಬ ಹೆಂಗಸು ನಿಂತಲ್ಲೇ ನಡೆಯುವ ಮೆಷೀನಿನ ಮೇಲೆ ನಡೆಯುತ್ತಿದ್ದಳು. ಕಾಲಡಿಯಲ್ಲಿ ಸರ್ವೀಸ್ ಲೈನಿನ ಒಂದು ತುಂಡು ಇನ್ನೂ ಬೆಳ್ಳಗಿದೆ. ಮನೆಯಲ್ಲಿ ಇದನ್ನು ಬರೆಯುವಾಗ ಚೆಂಡು ಟೇಬಲ್ಲಿನ ಮೇಲಿದೆ, ಒಣಗಿ ಹಗುರವಾಗಿದೆ. ಮೇ ಹೊತ್ತಿಗೆ ರಮಣಣ್ಣ ನಡೆಯುತ್ತಿರುತ್ತಾರೆ, ಬಹುಶಃ ಪಿಕಪ್ಪಿನಲ್ಲೇ ಕೂತು ಬರುತ್ತಾರೆ. ಎರಡು ಗಾಡಿ ಸೋಗೆ. ಡ್ರೈವರ್ ಇಳಿದು ಕೇಳುತ್ತಾನೆ, ಎಲ್ಲಿ ಇಳಿಸಲಿ ಅಂತ. ಆಗ ನಾನು —