ಹತ್ತೊಂಬತ್ತು ಬಾಗಿಲ ಬೇವು

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
18 ಜೂನ್ 1957, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಪ್ಪ ಈಗಲೂ ಪೇಪರ್ ತರಲು ಬಂಗಾರಪೇಟೆ ಸ್ಟೇಷನ್ನಿಗೇ ಹೋಗುತ್ತಿದ್ದಾರಾ? ಮದರಾಸಿನ ರೈಲು ಇಳಿದವರ ಜೊತೆಗೇ ಈ ಫ್ಲೂ ಜ್ವರ ಬಂತು ಅನ್ನುತ್ತಾರೆ. ಸ್ವಲ್ಪ ದಿನ ಆ ಕಡೆ ಸುಳಿಯಬಾರದು ಅಂತ ಹೇಳು. ಪಾಪುವಿನ ವಿಷಯ ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ನೆಟ್ಟಗೆ ಓದುವುದಿಲ್ಲ. ಅವನಿಗೂ ಬಂದಿತ್ತು. ಮೂರು ದಿನ ಮೈಯೆಲ್ಲ ಕೆಂಡ. ನಿನ್ನೆ ಬೆಳಿಗ್ಗೆ ಬೆವರಿ ಇಳಿಯಿತು, ಹಾಲು ಕುಡಿಯುತ್ತಿದ್ದಾನೆ. ನಾನು ಮಾತ್ರ ಇನ್ನೂ ಗಳಿಗೆಗೊಮ್ಮೆ ಅವನ ಹಣೆ ಮುಟ್ಟುತ್ತಲೇ ಇದ್ದೇನೆ. ನಿದ್ದೆ ಯಾವ ಕಡೆ ಹೋಯಿತೋ. ಹತ್ತು ದಿನದಿಂದ ಹೊಸಿಲು ದಾಟಿಲ್ಲ, ಬಾಗಿಲು ತೆರೆಯುವುದಕ್ಕೂ ಭಯ. ನೀನು ಬರುತ್ತೇನೆಂದು ಬರೆದಿದ್ದೀಯ. ದಯವಿಟ್ಟು ಬರಬೇಡ.

ಅಮ್ಮಾ, ನನ್ನಿಂದ ಒಂದು ತಪ್ಪಾಯಿತು. ಹೋದ ವಾರ ಸ್ಯಾನಿಟರಿ ಬೋರ್ಡಿನ ಹೆಲ್ತ್ ಇನ್ಸ್‌ಪೆಕ್ಟರ್ ಶ್ರೀನಿವಾಸಪ್ಪನವರು ಹೊರಗೇ ನಿಂತು, "ನೀವು ಬಿ.ಎ. ಓದಿದೋರು, ಟಾಂಟಾಂಗೆ ನಾಲ್ಕು ಸಾಲು ಬರ್ಕೊಡಿ ತಾಯಿ" ಅಂದರು. ಬರೆದೆ: ಸಿನಿಮಾ ಮುಚ್ಚಿದೆ, ಗುಂಪು ಸೇರಬಾರದು, ಜ್ವರ ಬಂದ ಮನೆಯವರು ಬಾಗಿಲಿಗೆ ಎಲ್ಲರೂ ಬಲ್ಲ ಗುರುತು ಕಟ್ಟಬೇಕು, ಸ್ವಯಂಸೇವಕರು ಗಂಜಿ, ಮಾತ್ರೆ ತಂದುಕೊಡುತ್ತಾರೆ. ಟಾಂಟಾಂ ಪೆರುಮಾಳ್ ತಮಟೆ ಬಾರಿಸುತ್ತ ಅದನ್ನೇ ಕನ್ನಡ, ತಮಿಳು, ತೆಲುಗಿನಲ್ಲಿ ಕೂಗಿದಾಗ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಮಾರನೆಯ ಬೆಳಿಗ್ಗೆ ಕಿಟಕಿ ತೆರೆದರೆ, ಎದುರಿನ ಗಣಿ ಕೂಲಿಗಳ ಲೈನಿನ ಹತ್ತೊಂಬತ್ತು ಬಾಗಿಲಿಗೆ ಬೇವಿನ ಸೊಪ್ಪು! ಎಲ್ಲರೂ ಬಲ್ಲ ಗುರುತು ಇನ್ನಾವುದಿದೆ ಹೇಳು? ಸಿಡುಬಿಗೆ ಕಟ್ಟುವ ಹಾಗೆ ಕಟ್ಟಿಬಿಟ್ಟಿದ್ದರು. ಬೇವು ಕಟ್ಟಿದ ಮನೆಯಲ್ಲಿ ಅಮ್ಮನವರು ಇರುತ್ತಾರೆ, ಹೊರಗಿನವರು ಕಾಲಿಡುವಂತಿಲ್ಲ. ಗಂಜಿ ಹೊತ್ತು ತಂದವರು ರಸ್ತೆಯಲ್ಲೇ ನಿಂತರು. ಶ್ರೀನಿವಾಸಪ್ಪನವರು ಬಿಚ್ಚಿ ಅಂತ ಅಂಗಲಾಚಿದರೆ, ಬಚ್ಚಪ್ಪ ಅನ್ನುವ ಮುದುಕ ಒಳಗಿನಿಂದಲೇ, "ಕಟ್ಟು ಅಂದೋರೂ ನೀವೇ, ಬಿಚ್ಚು ಅನ್ನೋರೂ ನೀವೇ. ಕರ್ದು ಕೂರ್ಸಿದ್ ತಾಯ್ನ ಎದ್ದೋಗು ಅನ್ನಕ್ಕಾಯ್ತದಾ ಸ್ವಾಮಿ?" ಅಂದ. ಒಲೆ ಹಚ್ಚುವವರೂ ಇಲ್ಲದೆ ಮನೆಮಂದಿಯೆಲ್ಲ ಮಲಗಿದ್ದ ಮನೆಗಳವು. ನಾನು ಬರೆದ ಒಂದು ಸಾಲಿನಿಂದ ಅವರ ಗಂಜಿ ಬೀದಿಯಲ್ಲಿ ಆರುತ್ತಿತ್ತು. ಕಿಟಕಿಯ ಸರಳು ಹಿಡಿದು ನಿಂತವಳು ಅಳುವುದು ಬಿಟ್ಟು ಏನೂ ಮಾಡಲಿಲ್ಲ.

ಆಗ ಪೆರುಮಾಳನ ಹೆಂಡತಿ ಕದಿರಮ್ಮ ಬಂದಳು. ನಲ್ಲಿಯ ಕೆಳಗೆ ಕೂತು ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡಳು. ಬರಿಗಾಲು, ಒದ್ದೆ ಸೀರೆ. ಹಾಗೆ ಮಡಿಯಲ್ಲಿ ಬಂದವರನ್ನು ಅಮ್ಮನವರು ತಡೆಯುವುದಿಲ್ಲವಂತೆ. ಗಂಜಿ ಪಾತ್ರೆ ಹಿಡಿದು ಮೊದಲ ಮನೆಗೆ ಹೋದಳು, ಬಾಯಿಗೆ ಹಾಕಿ, ಮಾತ್ರೆ ನುಂಗಿಸಿ ಬಂದಳು. ಮತ್ತೆ ನಲ್ಲಿ, ಮತ್ತೊಂದು ಕೊಡ, ಮುಂದಿನ ಮನೆ. ಒಂದು ಮನೆಯ ಮೈಲಿಗೆ ಇನ್ನೊಂದಕ್ಕೆ ಸೋಕಬಾರದಲ್ಲ! ಬೇತಮಂಗಲದ ಕೆರೆಯ ನೀರು ನಮಗೆ ಬರುವುದು ದಿನಕ್ಕೆ ಎರಡು ಗಂಟೆ. ಸರದಿಗಾಗಿ ಜುಟ್ಟು ಹಿಡಿದು ಜಗಳವಾಡುವ ಹೆಂಗಸರೇ ಅಂದು ದೂರ ದೂರ ನಿಂತು, ತಮ್ಮ ತುಂಬಿದ ಕೊಡಗಳನ್ನು ಸಾಲಾಗಿ ಅವಳಿಗೆ ಬಿಟ್ಟರು. ಚಿನ್ನ ತೆಗೆದು ಸುರಿದ ಸಯನೈಡ್ ದಿಬ್ಬದ ಬೂದಿಧೂಳು ಗಾಳಿಗೆ ಹಾರಿ ಅವಳ ಒದ್ದೆ ಮೈಗೆಲ್ಲ ಮೆತ್ತಿಕೊಳ್ಳುವುದು, ಮುಂದಿನ ಕೊಡ ಅದನ್ನು ತೊಳೆಯುವುದು. ಹತ್ತೊಂಬತ್ತು ಸಲ, ಅಮ್ಮಾ! ನಾನು ಕಣ್ಣು ಮಿಟುಕಿಸದೆ ನೋಡಿದೆ. ಇಷ್ಟು ವರ್ಷ ಓದಿದ ಯಾವ ಪುಸ್ತಕದ ಮುಂದೆಯೂ ನಾನು ಅಷ್ಟು ಸಣ್ಣವಳಾಗಿರಲಿಲ್ಲ. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ.

ಪಾಪುವಿಗೆ ಜ್ವರ ಬಂದಾಗ ಇವರು ಮಿಲ್ಲಿನ ಆಫೀಸಿನಲ್ಲಿದ್ದರು. ನನ್ನ ಅಳು ಕೇಳಿಸಿ ಕದಿರಮ್ಮ ತಾನಾಗಿಯೇ ಬಂದಳು, ಸೆರಗು ಹಿಂಡುತ್ತ. ಮಗುವಿನ ಅಂಗಾಲು ಮುಟ್ಟಿ ನೋಡಿ, "ಎದ್ರಬ್ಯಾಡ ಕಣಮ್ಮ, ಮೊಲೆ ಕುಡಿತಾನಲ್ಲ, ಗಟ್ಟಿಗ" ಅಂದಳು. ಆಮೇಲೆ ನಗುತ್ತ, "ಆ ಚೀಟಿ ಬರ್ದಿದ್ದು ನೀನೇ ಅಂತೆ? ಬಿಳೀ ಬಟ್ಟೆ ಕಟ್ರಿ ಅಂತ ಬರ್ದಿದ್ರೆ ನಂಗಿಷ್ಟು ಸ್ನಾನ ತಪ್ತಿತ್ತಲ್ಲೇ, ಬಿ.ಎ. ತಾಯಿ!" ನಾನು ಬಾಗಿ ಅವಳ ಕಾಲು ಮುಟ್ಟಲು ಹೋದರೆ ಹಿಂದೆ ಸರಿದು, "ಬಿಡು, ನೆಲ ಒದ್ದೆ ಆಯ್ತದೆ" ಅಂದು ಹೊರಟೇಬಿಟ್ಟಳು.

ಅಪ್ಪನಿಗೆ ನಮಸ್ಕಾರ ತಿಳಿಸು. ಪಾಪುವನ್ನು ಅಲ್ಲಿಂದಲೇ ಹರಸು.

ನಿನ್ನ ಮಗಳು,
ಅಲಮೇಲು

ಮರೆತಿದ್ದೆ: ಅವಸರದಲ್ಲಿದ್ದೇನೆ, ಟಪ್ಪಾಲಿನವನು ಬರುವ ಹೊತ್ತು. ಕದಿರಮ್ಮನ ಬಾಗಿಲಿಗೂ ಇವತ್ತು ಬೇವು ಬಿದ್ದಿದೆ. ಇವರು ನಾಳೆಯಿಂದ ಬೆಳಗಿನ ಹೊತ್ತು ರಜೆ ಹಾಕಿ ಪಾಪುವನ್ನು ನೋಡಿಕೊಳ್ಳುತ್ತಾರೆ. ನಿನ್ನ ಹಳೆಯ ನೂಲಿನ ಸೀರೆಗಳಲ್ಲಿ ಬೇಗ ಒಣಗುವಂಥ ಎರಡನ್ನು ಟಪ್ಪಾಲಿನಲ್ಲೇ ಕಳಿಸು. ನನ್ನವೆಲ್ಲ ದಪ್ಪ. ಈಗ ಒಟ್ಟು ಇಪ್ಪತ್ತು ಮನೆ.